ಪಹಣಿ ಕಿಂಡಿಯ ಮರಳು ಗಡಿಯಾರ

ಗಣಕಯಂತ್ರದ ತೆರೆಯ ಮೇಲೆ ಮೌಸ್ ಸರಿದಾಡಿದಂತೆ ಸರಿದಾಡುವ ಬಾಣದ ಗುರುತಿಗೆ ಕರ್ಸರ್ ಎಂದು ಹೆಸರು. ಕೊಟ್ಟ ಕೆಲಸ ತಕ್ಷಣ ಮುಗಿಯದೆ ಯಂತ್ರ ಅದರಲ್ಲೇ ತೊಡಗಿರುವಾಗ ಈ ಬಾಣ ಮರಳು ಗಡಿಯಾರವಾಗಿಯೋ ಕೈಗಡಿಯಾರವಾಗಿಯೋ ಸುತ್ತುವ ಉಂಗುರವಾಗಿಯೋ ರೂಪ ಬದಲಿಸುತ್ತದೆ; ಹಾಗೆ ಬದಲಾದ ರೂಪವನ್ನು ತಂತ್ರಾಂಶ ಬರೆಯುವವರು ಬಿಜಿ ಕರ್ಸರ್ ಎನ್ನುತ್ತಾರೆ. ಈ ಪುಟ್ಟ ಚಿತ್ರದ ಇತಿಹಾಸವನ್ನು ಅಮೆರಿಕದ ಕೆಲವು ಪ್ರಯೋಗಶಾಲೆಗಳ ಇತಿಹಾಸವಾಗಿ ಮಾತ್ರ ಬರೆಯುವ ರೂಢಿ ಇದೆ. ಆದರೆ ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ವಳಕಮದಿನ್ನಿಯಂಥ ಊರುಗಳ ರೈತರ ಬದುಕಿಗೆ ಅದು ಬಂದದ್ದು ತಾಲ್ಲೂಕು ಕಚೇರಿಯ ಪಹಣಿ ಕಿಂಡಿಯ ಮೂಲಕ, ಮತ್ತು ಅಲ್ಲಿ ಅದಕ್ಕೆ ಒದಗಿದ ಕೆಲಸ ಅದನ್ನು ರೂಪಿಸಿದವರು ಎಣಿಸಿದ್ದಕ್ಕಿಂತ ಬೇರೆಯದಾಗಿತ್ತು. ಒಬ್ಬನೇ ಮನುಷ್ಯ ತನ್ನ ಕೈಯಲ್ಲಿ ಮೌಸ್ ಹಿಡಿದು, ತಾನೇ ಕೇಳಿ, ತಾನೇ ಕಾಯುತ್ತಾನೆ ಎಂಬ ನಂಬಿಕೆಯ ಮೇಲೆ ಆ ಗುರುತು ಹುಟ್ಟಿತ್ತು. ಪಹಣಿ ಕಿಂಡಿಯಲ್ಲಿ ಯಂತ್ರವನ್ನು ಕೇಳುವ ಕೈ ಒಬ್ಬರದು, ಕಾಯುವ ಕಣ್ಣು ಇನ್ನೊಬ್ಬರದು.

ಈ ಭಾಗದಲ್ಲಿ ಕಾಗದಕ್ಕಾಗಿ ಕಾಯುವುದು ಗಣಕಕ್ಕಿಂತ ಬಹಳ ಹಳೆಯದು. ರಾಯಚೂರು ಸೀಮೆ 1948ರವರೆಗೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿದ್ದು, 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅಂದಿನ ಮೈಸೂರು ರಾಜ್ಯವನ್ನು ಸೇರಿತು. ನಿಜಾಮರ ಕಂದಾಯ ಆಡಳಿತದಲ್ಲಿ ಊರಿನ ಲೆಕ್ಕಪತ್ರ ಪಟವಾರಿಯ ವಶದಲ್ಲಿರುತ್ತಿತ್ತು, ಕಂದಾಯ ವಸೂಲಿ ಮಾಲಿ ಪಟೇಲನ ಹೊಣೆಯಾಗಿತ್ತು, ಮೇಲಿನ ಕಚೇರಿಗಳ ವ್ಯವಹಾರ ಉರ್ದುವಿನಲ್ಲಿ ನಡೆಯುತ್ತಿತ್ತು. ಆ ಸಂಸ್ಥಾನದ ಭೂಕಂದಾಯ ಕಾನೂನು ಬಂದದ್ದು 1317ನೆಯ ಫಸಲಿಯಲ್ಲಿ. ಫಸಲಿ ಎಂಬುದು ಬೆಳೆಯ ಲೆಕ್ಕದಲ್ಲಿ ನಡೆಯುವ ವರ್ಷಮಾನ, ಅದಕ್ಕೆ 590 ಕೂಡಿಸಿದರೆ ಸರಿಸುಮಾರು ಕ್ರಿಸ್ತಶಕ ಸಿಗುತ್ತದೆ, ಅಂದರೆ 1907. ಪಹಣಿ ಎಂಬ ಮಾತು ಕೂಡ ಈ ಕಂದಾಯ ವ್ಯವಹಾರದ್ದೇ. ಮರಾಠಿಯಲ್ಲಿ ಅದಕ್ಕೆ ನೋಡುವುದು, ತಪಾಸಣೆ ಎಂದರ್ಥ. ಹೊಲಕ್ಕೆ ಹೋಗಿ ಯಾರು ಉಳುತ್ತಿದ್ದಾರೆ, ಯಾವ ಬೆಳೆ ನಿಂತಿದೆ ಎಂದು ಕಣ್ಣಾರೆ ಕಂಡು ಬರೆದ ದಾಖಲೆ ಪಹಣಿ. 1964ರ ಭೂಕಂದಾಯ ಕಾಯ್ದೆಯ ನಂತರ ಇದು ರಾಜ್ಯದಾದ್ಯಂತ ಹಕ್ಕು, ಗೇಣಿ ಮತ್ತು ಪಹಣಿ ಪತ್ರಿಕೆ, ಅಂದರೆ ಆರ್‌ಟಿಸಿ ಎಂಬ ಒಂದೇ ನಮೂನೆಗೆ ಬಂತು. ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ, ಖರಾಬು, ಮಣ್ಣಿನ ಬಗೆ, ಕಬ್ಜೆದಾರರ ಹೆಸರು, ಸಾಲದ ಋಣ, ಬೆಳೆಯ ವಿವರ ಎಲ್ಲವೂ ಆ ಒಂದು ಹಾಳೆಯಲ್ಲಿ ಅಡಗಿವೆ.

ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಪಡಿಸುವ ಕಾಯ್ದೆ 1961ರಲ್ಲಿ ಆದ ಮೇಲೆ ಪಟವಾರಿಯ ಜಾಗಕ್ಕೆ ಸರ್ಕಾರಿ ನೌಕರನಾದ ಗ್ರಾಮಲೆಕ್ಕಿಗ ಬಂದರೂ, ಲೆಕ್ಕದ ಪುಸ್ತಕ ಒಬ್ಬನ ಬಳಿಯೇ ಇರುವ ಪದ್ಧತಿ ಉಳಿಯಿತು. ಮೂರು ನಾಲ್ಕು ಊರುಗಳಿಗೆ ಒಬ್ಬನಾಗಿ ರಾಜ್ಯದಲ್ಲಿ ಸುಮಾರು 9,000 ಗ್ರಾಮಲೆಕ್ಕಿಗರಿದ್ದರು. ಪಹಣಿಯ ನಕಲು ಬೇಕಾದವನು ಮೊದಲು ಆತ ಯಾವ ಊರಿನಲ್ಲಿದ್ದಾನೆಂದು ಹುಡುಕಬೇಕಾಗಿತ್ತು. ಸಿಕ್ಕ ಮೇಲೂ ಕೆಲಸ ಶುರುವಾಗಿದೆಯೋ ಇಲ್ಲವೋ, ಅರ್ಧಕ್ಕೆ ಬಂದಿದೆಯೋ ಮುಗಿದೇ ಹೋಗಿದೆಯೋ ತಿಳಿಯುವ ದಾರಿ ಯಾವುದೂ ಇರಲಿಲ್ಲ. ಕಟ್ಟಿಟ್ಟ ದಫ್ತರದ ಗಂಟು ಬಿಚ್ಚಿದೆಯೇ ಎಂಬುದೊಂದೇ ಕಾಣುವ ಗುರುತು. ಉಳಿದದ್ದೆಲ್ಲ 'ನಾಳಿ ಬರ್ರಿ' ಎಂಬ ಮಾತಿನಲ್ಲಿ ಮುಚ್ಚಿಹೋಗುತ್ತಿತ್ತು. ಒಂದು ನಕಲಿಗೆ ಮೂರು ದಿನದಿಂದ ಮೂವತ್ತು ದಿನದವರೆಗೆ ಹಿಡಿಯುತ್ತಿತ್ತು ಎಂದು ಆ ಕಾಲದ ವ್ಯವಸ್ಥೆಯನ್ನು ಪರಿಶೀಲಿಸಿದವರು ದಾಖಲಿಸಿದ್ದಾರೆ. ತುಂಗಭದ್ರಾ ಎಡದಂಡೆ ಕಾಲುವೆ ಹರಿದ ಮೇಲೆ ಸಿಂಧನೂರಿನ ಸುತ್ತ ಜೋಳದ ಹೊಲಗಳು ಭತ್ತದ ಗದ್ದೆಗಳಾದವು, ಹೊರಗಿನಿಂದ ಬಂದು ನೆಲೆಸಿದವರ ಕ್ಯಾಂಪುಗಳು ಎದ್ದವು, ನೆಲಕ್ಕೆ ಬೆಲೆ ಬಂತು. ಬೆಳೆಸಾಲಕ್ಕೆ, ಮಾರಾಟಕ್ಕೆ, ಕೋರ್ಟಿನ ಜಾಮೀನಿಗೆ ಎಲ್ಲದಕ್ಕೂ ಪಹಣಿ ಬೇಕಾದ್ದರಿಂದ, ಬಿತ್ತನೆಯ ಹಂಗಾಮಿನಲ್ಲಿ ಕಾಗದ ತಡವಾದರೆ ಸಾಲ ತಡವಾಗಿ, ಸಾಲ ತಡವಾದರೆ ನಾಟಿಯೇ ತಡವಾಗುವ ಸ್ಥಿತಿ ಇತ್ತು. ಕಾಯುವವನಿಗೆ ಕಾಯುವುದಕ್ಕಿಂತ ಹೆಚ್ಚಿನ ಕಷ್ಟ ಕೊಡುತ್ತಿದ್ದದ್ದು ಯಾವುದಕ್ಕಾಗಿ ಕಾಯುತ್ತಿದ್ದೇನೆ, ಎಲ್ಲಿಯವರೆಗೆ ಕಾಯಬೇಕು ಎಂಬುದು ಕಾಣದಿದ್ದದ್ದು.

ಕಾಯುವ ಹೊತ್ತನ್ನು ಕಣ್ಣಿಗೆ ಕಾಣಿಸುವ ಸಾಧನ ಕನ್ನಡಿಗರಿಗೆ ಅಪರಿಚಿತವಾಗಿರಲಿಲ್ಲ. ತಳದಲ್ಲಿ ಸಣ್ಣ ತೂತುಳ್ಳ ಲೋಹದ ಬಟ್ಟಲನ್ನು ನೀರಿನ ಹಂಡೆಯಲ್ಲಿ ತೇಲಿಬಿಟ್ಟರೆ, ನೀರು ಒಳಗೇರಿ ಬಟ್ಟಲು ಮುಳುಗುವ ಹೊತ್ತಿಗೆ ಒಂದು ಗಳಿಗೆ, ಅಂದರೆ 24 ನಿಮಿಷ ಕಳೆದಿರುತ್ತದೆ. ಹಗಲು ರಾತ್ರಿ ಸೇರಿ ಅಂಥ 60 ಗಳಿಗೆ. ಮದುವೆಯ ಮುಹೂರ್ತ ಕಾಯಲು ಬಳಸುತ್ತಿದ್ದ ಈ ಗಳಿಗೆ ಬಟ್ಟಲು ಎಷ್ಟು ಹೊತ್ತು ಕಳೆಯಿತು, ಎಷ್ಟು ಉಳಿಯಿತು ಎಂಬುದನ್ನು ಸುತ್ತ ಕೂತ ಎಲ್ಲರಿಗೂ ತೋರಿಸುತ್ತಿತ್ತು. ಯುರೋಪಿನಲ್ಲಿ ಹದಿನಾಲ್ಕನೆಯ ಶತಮಾನದಿಂದ ಬಳಕೆಯಲ್ಲಿದ್ದ ಮರಳು ಗಡಿಯಾರವೂ ಅಳತೆಯ ಸಾಧನವೇ: ಮೇಲಿನ ಬುರುಡೆ ಬರಿದಾದರೆ ಹೊತ್ತು ಮುಗಿಯಿತು. ಇವೆರಡೂ ಸುಳ್ಳು ಹೇಳಲಾರದ ಸಾಧನಗಳೆಂದು ತೋರಿದರೂ, ಗಣಿತಜ್ಞ ಭಾಸ್ಕರಾಚಾರ್ಯನ ಮಗಳು ಲೀಲಾವತಿಯ ಕುರಿತ ದಂತಕಥೆ ಬೇರೊಂದನ್ನು ಹೇಳುತ್ತದೆ. ಕುತೂಹಲದಿಂದ ಬಟ್ಟಲೊಳಗೆ ಬಗ್ಗಿ ನೋಡುವಾಗ ಅವಳ ಒಡವೆಯ ಮುತ್ತೊಂದು ಜಾರಿ ಬಿದ್ದು ತೂತನ್ನು ಮುಚ್ಚಿತು, ಬಟ್ಟಲು ಮುಳುಗಲಿಲ್ಲ, ಎಲ್ಲರೂ ಬಟ್ಟಲನ್ನೇ ನೋಡುತ್ತಾ ಕೂತಿರುವಾಗ ಮುಹೂರ್ತ ಮೀರಿಹೋಯಿತು. ಈ ಕಥೆ ದೊರೆಯುವುದು ಭಾಸ್ಕರಾಚಾರ್ಯನ ಕಾಲಕ್ಕಿಂತ ಬಹಳ ಈಚೆಗೆ, ಅವನ 'ಲೀಲಾವತಿ' ಎಂಬ ಗಣಿತಗ್ರಂಥಕ್ಕೆ ಅಕ್ಬರನ ಆಸ್ಥಾನಕವಿ ಫೈಜಿ 1587ರಲ್ಲಿ ಮಾಡಿದ ಪರ್ಷಿಯನ್ ಅನುವಾದದ ಪೀಠಿಕೆಯಲ್ಲಿ ಆದ್ದರಿಂದ ಅದನ್ನು ಚರಿತ್ರೆಯೆಂದು ಒಪ್ಪುವಂತಿಲ್ಲ. ಆದರೆ ಗುರುತು ಎದುರಿಗೇ ಇದ್ದು ಕೆಲಸ ಮಾತ್ರ ನಿಂತುಹೋಗಿರುವ ಸ್ಥಿತಿಯನ್ನು ಇಷ್ಟು ನಿಖರವಾಗಿ ಹಿಡಿದ ಕಥೆ ವಿರಳ. ಗಳಿಗೆ ಎಂಬ ಮಾತಿನ ಪಾಡೂ ಗಮನಿಸತಕ್ಕದ್ದು. 24 ನಿಮಿಷದ ನಿಶ್ಚಿತ ಅಳತೆಯಾಗಿದ್ದ ಪದ ಆಡುಮಾತಿನಲ್ಲಿ 'ಒಂದ್ ಗಳಿಗಿ ತಡೀರಿ' ಎಂದು ಯಾವ ಅಳತೆಯೂ ಇಲ್ಲದ ಸ್ವಲ್ಪ ಹೊತ್ತಾಗಿ ಕರಗಿತು. ಗಣಕದ ತೆರೆಗೆ ಬಂದಾಗ ಮರಳು ಗಡಿಯಾರಕ್ಕೆ ಆದದ್ದೂ ಇದೇ.

1981ರಲ್ಲಿ ಜೆರಾಕ್ಸ್ ಕಂಪನಿ ಹೊರತಂದ ಸ್ಟಾರ್ ಎಂಬ ಗಣಕದಲ್ಲಿ ಮರಳು ಗಡಿಯಾರದ ಕರ್ಸರ್ ಇತ್ತು. 1983ರಲ್ಲಿ ಬಂದ ಆಪಲ್ ಕಂಪನಿಯ ಲೀಸಾ ಅದನ್ನೇ ಅನುಸರಿಸಿತು. ಮರುವರ್ಷದ ಮ್ಯಾಕಿಂಟಾಷ್‌ಗೆ ಚಿತ್ರಗಳನ್ನು ಬಿಡಿಸಿದ ಸೂಸನ್ ಕೇರ್ ಅದರ ಬದಲು ಕೈಗಡಿಯಾರವನ್ನು ತಂದರು. ಅಡ್ಡ 16, ಉದ್ದ 16, ಒಟ್ಟು 256 ಚುಕ್ಕಿಗಳ ಚೌಕದಲ್ಲಿ, ಕಪ್ಪು ಬಿಳುಪು ಬಿಟ್ಟರೆ ಬೇರೆ ಬಣ್ಣವೇ ಇಲ್ಲದೆ, ಗಡಿಯಾರದ ಮುಖ, ಮುಳ್ಳು, ಪಟ್ಟಿ ಎಲ್ಲವನ್ನೂ ಕೂರಿಸಿದ ಆ ಕೆಲಸ ರಂಗೋಲಿಯ ಚುಕ್ಕಿ ಲೆಕ್ಕ ಬಲ್ಲವರಿಗೆ ಕೂಡಲೇ ಅರ್ಥವಾಗುವಂಥದ್ದು. ಮೈಕ್ರೋಸಾಫ್ಟಿನ ವಿಂಡೋಸ್ 1985ರ ಮೊದಲ ಆವೃತ್ತಿಯಿಂದಲೇ ಮರಳು ಗಡಿಯಾರವನ್ನು ಇಟ್ಟುಕೊಂಡಿತು, ಮತ್ತು ಭಾರತದ ಕಚೇರಿಗಳಿಗೆ ಬಂದದ್ದು ಮುಖ್ಯವಾಗಿ ಆ ವಂಶವೇ.

ಈ ಚಿತ್ರದ ಹಿಂದಿನ ಯಾಂತ್ರಿಕ ವ್ಯವಸ್ಥೆಯನ್ನು ಸ್ವಲ್ಪ ಬಿಡಿಸಿ ಹೇಳದೆ ಮುಂದಿನ ಕಥೆ ತಿಳಿಯುವುದಿಲ್ಲ. ಮೌಸ್ ಸರಿದದ್ದು, ಗುಂಡಿ ಒತ್ತಿದ್ದು, ಕೀಲಿ ಬಡಿದದ್ದು ಇವೆಲ್ಲ ಒಂದೊಂದು ಸಂದೇಶವಾಗಿ ತಂತ್ರಾಂಶದ ಬಾಗಿಲಲ್ಲಿ ಪಾಳಿ ಹಚ್ಚಿ ನಿಲ್ಲುತ್ತವೆ. ತಂತ್ರಾಂಶ ಒಂದೊಂದನ್ನೇ ಕರೆದು ವಿಲೇವಾರಿ ಮಾಡುತ್ತದೆ, ತೆರೆಯ ಚಿತ್ರವನ್ನು ಹೊಸದಾಗಿ ಬಿಡಿಸಬೇಕೆಂಬ ಕೋರಿಕೆಯೂ ಅದೇ ಪಾಳಿಯಲ್ಲಿ ಬರುತ್ತದೆ. ಯಾವುದೋ ಒಂದು ಸಂದೇಶಕ್ಕೆ ಉತ್ತರ ಕೊಡಲು ಲಕ್ಷಗಟ್ಟಲೆ ದಾಖಲೆಗಳಲ್ಲಿ ಹುಡುಕಬೇಕಾಗಿ ಬಂದರೆ, ಆ ಹುಡುಕಾಟ ಮುಗಿಯುವವರೆಗೆ ಹಿಂದಿನವರೆಲ್ಲ ನಿಂತೇ ಇರಬೇಕು, ತೆರೆ ಕಲ್ಲಾಗುತ್ತದೆ. ಆದ್ದರಿಂದ ಉದ್ದದ ಕೆಲಸಕ್ಕೆ ಕೈ ಹಾಕುವ ಮುನ್ನ ತಂತ್ರಾಂಶ ತಾನಾಗಿಯೇ ಬಾಣವನ್ನು ಮರಳು ಗಡಿಯಾರವಾಗಿಸಿ, ಕೆಲಸ ಮುಗಿದೊಡನೆ ಮತ್ತೆ ಬಾಣವಾಗಿಸುವ ಪದ್ಧತಿ ಬಂತು. ತೊಂಬತ್ತರ ದಶಕದಲ್ಲಿ ಕಚೇರಿ ತಂತ್ರಾಂಶಗಳನ್ನು ಬರೆಯಲು ಬಹಳವಾಗಿ ಬಳಕೆಯಾದ ವಿಶುವಲ್ ಬೇಸಿಕ್ ಭಾಷೆಯಲ್ಲಿ ಇದಕ್ಕೆ ಎರಡೇ ಸಾಲು ಸಾಕಾಗುತ್ತಿತ್ತು: ಮೌಸ್ ಪಾಯಿಂಟರಿಗೆ 11 ಎಂಬ ಅಂಕಿ ಕೊಟ್ಟರೆ ಮರಳು ಗಡಿಯಾರ, 0 ಕೊಟ್ಟರೆ ಮಾಮೂಲಿ ರೂಪ. ತೊಂದರೆ ಇದ್ದದ್ದು ಈ ಎರಡು ಸಾಲುಗಳ ನಡುವೆ. ಮಧ್ಯದಲ್ಲಿ ದೋಷ ಸಂಭವಿಸಿ ಆದೇಶಗಳ ಓಟ ಬೇರೆ ದಾರಿ ಹಿಡಿದರೆ ಎರಡನೆಯ ಸಾಲು ನಡೆಯುವುದೇ ಇಲ್ಲ, ಕೆಲಸ ನಿಂತು ಎಷ್ಟೋ ಹೊತ್ತಾದ ಮೇಲೂ ಮರಳು ಗಡಿಯಾರ ತೆರೆಯ ಮೇಲೆ ಉಳಿದಿರುತ್ತದೆ. ಬಟ್ಟಲ ತೂತಿಗೆ ಮುತ್ತು ಸಿಕ್ಕಿಕೊಂಡಂತೆಯೇ ಇದು. ಎಚ್ಚರವುಳ್ಳ ತಂತ್ರಾಂಶಕಾರರು ದೋಷ ಬಂದಾಗ ನಡೆಯಬೇಕಾದ ಭಾಗದಲ್ಲೂ ಕರ್ಸರನ್ನು ಮರಳಿಸುವ ಸಾಲನ್ನು ತಪ್ಪದೆ ಬರೆಯುವುದನ್ನು ಅಭ್ಯಾಸ ಮಾಡಿಕೊಂಡರು. ಆಪಲ್ ಕಂಪನಿಯ 2001ರ ಮ್ಯಾಕ್ ಓಎಸ್ ಎಕ್ಸ್ ವ್ಯವಸ್ಥೆಯ ಬಣ್ಣದ ಚಕ್ರ ಮಾತ್ರ ಇನ್ನೊಂದು ತತ್ವದ್ದು. ಅಲ್ಲಿ ತಂತ್ರಾಂಶ ಕೆಲವು ಸೆಕೆಂಡುಗಳ ಕಾಲ ಪಾಳಿಯ ಕಡೆ ತಿರುಗಿ ನೋಡದಿದ್ದರೆ ಮೇಲ್ವಿಚಾರಣೆಯ ವ್ಯವಸ್ಥೆಯೇ ಚಕ್ರವನ್ನು ತೋರಿಸುತ್ತದೆ. ಮೊದಲನೆಯದು ಗುಮಾಸ್ತ ತಾನೇ ಹೇಳುವ 'ಕೆಲಸದಲ್ಲಿದ್ದೇನೆ' ಎಂಬ ಮಾತು. ಎರಡನೆಯದು 'ಅವನು ಉತ್ತರ ಕೊಡುತ್ತಿಲ್ಲ' ಎಂದು ಮೇಲಧಿಕಾರಿ ಹೇಳುವ ಮಾತು. ಇವೆರಡರ ವ್ಯತ್ಯಾಸವನ್ನು ನೋಡುವವನು ಚಿತ್ರದಿಂದ ತಿಳಿಯಲಾರ.

ಎಷ್ಟು ಹೊತ್ತಿನ ಕೆಲಸಕ್ಕೆ ಈ ಗುರುತು ಸಾಕು ಎಂಬ ವಿಚಾರಣೆಯೂ ನಡೆದಿದೆ. ಐಬಿಎಂ ಕಂಪನಿಯ ರಾಬರ್ಟ್ ಮಿಲ್ಲರ್ 1968ರಲ್ಲಿ ಮನುಷ್ಯ ಗಣಕದ ಉತ್ತರಕ್ಕಾಗಿ ಎಷ್ಟು ಕಾಯಬಲ್ಲ ಎಂಬುದನ್ನು ಕೆಲಸದ ಬಗೆಗಳ ಪ್ರಕಾರ ವಿಂಗಡಿಸಿ ತೋರಿಸಿದರು. 1993ರಲ್ಲಿ ಯಾಕೋಬ್ ನೀಲ್ಸನ್ ಆ ಎಣಿಕೆಯನ್ನು ಮೂರು ಗಡಿಗಳಾಗಿ ಹೇಳಿದರು. ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಉತ್ತರ ಬಂದರೆ ತಕ್ಷಣ ಬಂದಂತೆ, ಒಂದು ಸೆಕೆಂಡಿನವರೆಗೆ ಯೋಚನೆಯ ಎಳೆ ಹರಿಯದು, ಹತ್ತು ಸೆಕೆಂಡು ಮೀರಿದರೆ ಗಮನ ಬೇರೆಡೆ ಹೋಗುತ್ತದೆ. ಅಂಥ ಕಡೆ ಬರೀ ಗಡಿಯಾರ ತೋರಿಸದೆ ಎಷ್ಟು ಪಾಲು ಮುಗಿಯಿತೆಂದು ತೋರಿಸಬೇಕು ಎಂದು ಬ್ರ್ಯಾಡ್ ಮೈಯರ್ಸ್ 1985ರಲ್ಲೇ ವಾದಿಸಿದ್ದರು. ಈ ಮೂವರ ಲೆಕ್ಕವೂ ಯಂತ್ರದ ಮುಂದೆ ಕೂತವನ ಗಮನದ ಲೆಕ್ಕವೇ ಹೊರತು ಅವನ ಬೆನ್ನ ಹಿಂದೆ, ಕಿಂಡಿಯ ಆಚೆ ನಿಂತವನ ಲೆಕ್ಕವಲ್ಲ.

ಕಿಂಡಿಯ ಆಚೆ ನಿಂತವನನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಕರ್ನಾಟಕದ 'ಭೂಮಿ' ಯೋಜನೆಯ ನಿಜವಾದ ಹಿರಿಮೆ. ಭೂದಾಖಲೆಗಳನ್ನು ಗಣಕಕ್ಕೆ ಏರಿಸುವ ಪ್ರಯತ್ನ ತೊಂಬತ್ತರ ದಶಕದ ಮೊದಲಲ್ಲಿ ಗುಲಬರ್ಗಾ ಜಿಲ್ಲೆಯಲ್ಲಿ ಆರಂಭವಾಗಿ, ಹೆಚ್ಚು ಮುಂದೆ ಸಾಗದೆ ನಿಂತಿತ್ತು. ದಶಕದ ಕೊನೆಗೆ ಕಂದಾಯ ಇಲಾಖೆ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ ಅದನ್ನು ಮತ್ತೆ ಕೈಗೆತ್ತಿಕೊಂಡಿತು. ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ ಬೆಂಗಳೂರು ಘಟಕ ತಂತ್ರಾಂಶವನ್ನು ಸಿದ್ಧಪಡಿಸಿತು. ಅದು ವಿಂಡೋಸ್ ಎನ್‌ಟಿ ವ್ಯವಸ್ಥೆಯ ಮೇಲೆ ನಡೆಯುವ, ವಿಶುವಲ್ ಬೇಸಿಕ್‌ನಲ್ಲಿ ಬರೆದ ತಂತ್ರಾಂಶವಾಗಿತ್ತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳ ಕೈಬರಹವನ್ನು ಗಣಕಕ್ಕೆ ಊಡಿಸಿ, ಗ್ರಾಮಲೆಕ್ಕಿಗರಿಂದಲೇ ತಪ್ಪು ಒಪ್ಪು ನೋಡಿಸಿದ ಮೇಲೆ, 2002ರ ಹೊತ್ತಿಗೆ ಅಂದಿನ 177 ತಾಲ್ಲೂಕುಗಳಲ್ಲೂ ಪಹಣಿ ಕಿಂಡಿಗಳು ತೆರೆದವು. ರಾಯಚೂರು ಜಿಲ್ಲೆಯಲ್ಲಿ ಆಗ ಇದ್ದದ್ದು ಐದು ತಾಲ್ಲೂಕು. ಅಶೋಕನ ಹೆಸರನ್ನೇ ಹೊತ್ತ ಬಂಡೆಶಾಸನದಿಂದ 1915ರಲ್ಲಿ ಜಗತ್ತಿಗೆ ತಿಳಿದ ಮಸ್ಕಿ ಆಗ ಲಿಂಗಸುಗೂರು ತಾಲ್ಲೂಕಿಗೇ ಸೇರಿತ್ತು. ಗಣಕೀಕೃತ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಸರ್ಕಾರ ಸಾರಿದ್ದರಿಂದ, ಹಳೆಯ ದಫ್ತರದ ಕಡೆಗೆ ಹಿಂದಿರುಗುವ ದಾರಿ ಮುಚ್ಚಿತು.

ಕಿಂಡಿಯಲ್ಲಿ ನಡೆಯುತ್ತಿದ್ದದ್ದು ಹೀಗೆ. ರೈತ 15 ರೂಪಾಯಿ ಶುಲ್ಕದೊಂದಿಗೆ ಊರಿನ ಹೆಸರನ್ನೂ ಸರ್ವೆ ನಂಬರನ್ನೂ ಹೇಳುತ್ತಾನೆ. ಬೆರಳಚ್ಚು ಕೊಟ್ಟು ಒಳಹೊಕ್ಕ ಆಪರೇಟರು ಹೋಬಳಿಯನ್ನು ಆರಿಸಿ, ಊರುಗಳ ಪಟ್ಟಿ ಇಳಿಸಿ, ಅದರಲ್ಲಿ ಕೊನೆಗೆ ದಿನ್ನಿ ಎಂದು ಮುಗಿಯುವ ಹೆಸರುಗಳನ್ನು ದಾಟುತ್ತಾ ಬೇಕಾದ ಊರಿಗೆ ಬಂದು ನಿಲ್ಲುತ್ತಾನೆ. ದಿನ್ನಿ ಎಂದರೆ ಸುತ್ತಲ ಬಯಲಿಗಿಂತ ಎತ್ತರವಾದ ದಿಬ್ಬ, ಈ ಸೀಮೆಯ ಊರ ಹೆಸರುಗಳಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. ಸರ್ವೆ ನಂಬರು, ಹಿಸ್ಸಾ ತುಂಬಿ ಗುಂಡಿ ಒತ್ತಿದ ಮೇಲೆ ದಾಖಲೆ ತೆರೆಗೆ ಬರುವವರೆಗಿನ ಹೊತ್ತು ಮರಳು ಗಡಿಯಾರದ ಹೊತ್ತು. ಕಿಂಡಿಯಲ್ಲಿ ಎರಡು ತೆರೆಗಳಿದ್ದವು: ಒಂದು ಆಪರೇಟರಿನ ಕಡೆಗೆ, ಇನ್ನೊಂದು ಹೊರಗೆ ನಿಂತ ರೈತನ ಕಡೆಗೆ ಮುಖ ಮಾಡಿದ್ದು. ಎರಡನೆಯ ತೆರೆ ಇಟ್ಟ ಉದ್ದೇಶ ತನ್ನ ಹೊಲದ ಮೇಲೆ ಏನು ನಮೂದಾಗುತ್ತಿದೆ ಎಂಬುದು ರೈತನ ಕಣ್ಣಿಗೂ ಬೀಳಲಿ ಎಂಬುದಾಗಿತ್ತು. ಹೆಸರಿನ ಅಕ್ಷರ ತಪ್ಪಿದ್ದರೆ, ಎಕರೆ ಗುಂಟೆ ವ್ಯತ್ಯಾಸವಾಗಿದ್ದರೆ ಅಲ್ಲೇ ಕಾಣುತ್ತಿತ್ತು. ಅದರ ಜೊತೆಗೆ, ಯಾರೂ ವಿಶೇಷವಾಗಿ ಎಣಿಸದಿದ್ದ ಇನ್ನೊಂದು ಸಂಗತಿಯೂ ಆ ತೆರೆಯ ಮೇಲೆ ಬಂತು: ಯಂತ್ರ ಕೆಲಸದಲ್ಲಿದೆ ಎಂಬ ಗುರುತು ಕಾಯುವವನಿಗೂ ಕಂಡಿತು. ಪಟವಾರಿಯ ಕಾಲದಿಂದ ಕಟ್ಟಿದ ಗಂಟಿನೊಳಗೆ ಮರೆಯಾಗಿದ್ದ ತಡ, ಕೆಲವೇ ಸೆಕೆಂಡುಗಳದ್ದಾಗಿಯಾದರೂ, ಮೊದಲ ಬಾರಿಗೆ ಬಹಿರಂಗವಾಯಿತು. ಕಂದಾಯ ಆಡಳಿತದ ದೀರ್ಘ ಇತಿಹಾಸದಲ್ಲಿ ಇದನ್ನು ಸಣ್ಣ ಸಂಗತಿ ಎಂದು ತಳ್ಳಿಹಾಕುವುದು ಸರಿಯಲ್ಲ.

ಆದರೂ ಆ ಚಿತ್ರಕ್ಕೆ ರೈತನ ಮಟ್ಟಿಗೆ ಮಾತು ಬೇಕಾಗಿತ್ತು. ಮರಳು ಗಡಿಯಾರ ರಾಯಚೂರು ಸೀಮೆಯ ಮನೆಗಳಲ್ಲಿ ಬಳಕೆಯಲ್ಲಿದ್ದ ವಸ್ತುವಲ್ಲ. ಅದರ ಚಿತ್ರ ಹಡಗಿನ ಮತ್ತು ಇಗರ್ಜಿಯ ಹೊತ್ತಿನ ಲೆಕ್ಕ ಬಲ್ಲ ಯುರೋಪಿನ ನೆನಪಿನಿಂದ ಬಂದದ್ದು. ಬುಡಬುಡಿಕೆಯಂತೆ ನಡು ಸಣ್ಣಗಿರುವ ಆ ಆಕಾರದಿಂದ ತಾಳ್ಮೆಯ ಅರ್ಥ ತಾನಾಗಿ ಹೊಮ್ಮುವುದಿಲ್ಲ. ಮೌಸ್ ಹಿಡಿದ ಆಪರೇಟರಿಗೆ ಅದು ಅಭ್ಯಾಸದಿಂದ ತಿಳಿಯುತ್ತದೆ, ಹೊರಗೆ ನಿಂತವನಿಗೆ ಆಪರೇಟರಿನ ಬಾಯಿಯೇ ತಿಳಿಸಬೇಕು. ಹೀಗಾಗಿ 'ತಡೀರಿ, ಬರಾಕತ್ತೈತಿ', 'ತಿರಗಾಕತ್ತೈತ್ರಿ', 'ಹ್ಯಾಂಗ್ ಆಗೈತಿ' ಎಂಬ ಮಾತುಗಳು ಕಿಂಡಿಯ ಭಾಷೆಯಾದವು. ಬಿಜಿ ಕರ್ಸರಿಗೆ ಕನ್ನಡದಲ್ಲಿ ನಿಘಂಟಿನ ಪದವೊಂದು ನೆಲೆಗೊಳ್ಳಲಿಲ್ಲ, ಬದಲಿಗೆ ಈ ಕ್ರಿಯಾಪದಗಳು ನೆಲೆಗೊಂಡವು. ಅವುಗಳಲ್ಲಿ ಬರುವುದು, ತಿರುಗುವುದು, ಸಿಕ್ಕಿಕೊಳ್ಳುವುದು ಎಂಬ ಮೂರು ಸ್ಥಿತಿಗಳು ಸ್ಪಷ್ಟವಾಗಿ ಬೇರೆಯಾಗಿವೆ. ಚಿತ್ರದಲ್ಲಿ ಇಲ್ಲದ ವಿವೇಚನೆ ಮಾತಿನಲ್ಲಿದೆ.

ಮುಂದಿನ ಬದಲಾವಣೆ ತಡದ ಜಾಗದ್ದು. ಮೊದಲ ವರ್ಷಗಳಲ್ಲಿ ಪ್ರತಿ ತಾಲ್ಲೂಕಿನ ದಾಖಲೆಗಳು ಅದೇ ತಾಲ್ಲೂಕು ಕಚೇರಿಯ ಗಣಕದಲ್ಲಿದ್ದುದರಿಂದ, ತಡವಾದರೆ ಅದರ ಕಾರಣ ಅದೇ ಕಟ್ಟಡದೊಳಗೆ ಇರುತ್ತಿತ್ತು. 2006ರ ಸುಮಾರಿಗೆ ಹೋಬಳಿ ಮಟ್ಟದಲ್ಲಿ ನೆಮ್ಮದಿ ಕೇಂದ್ರಗಳು, ಆಮೇಲೆ ನಾಡಕಚೇರಿಗಳಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಬಂದು, ದಾಖಲೆಗಳು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸೇರಿದವು. ರೈತನಿಗೆ ದಾರಿ ಹತ್ತಿರವಾಯಿತು, ದಾಖಲೆ ದೂರವಾಯಿತು. ಈಗ ಕಿಂಡಿಯ ತೆರೆ ಕಲ್ಲಾದರೆ ತಂತಿಯ ದೋಷವೋ, ಕೇಂದ್ರದ ಒತ್ತಡವೋ, ಕರೆಂಟಿನ ಕೊರತೆಯೋ ಎಂಬುದು ಆಪರೇಟರಿಗೂ ತಿಳಿಯದು. 'ಸರ್ವರ್ ಇಲ್ರಿ' ಎಂಬ ಎರಡು ಪದಗಳು ಎಲ್ಲ ಕಾರಣಗಳನ್ನೂ ಒಟ್ಟಿಗೆ ನುಂಗಿದವು. ಇದೇ ವರ್ಷಗಳಲ್ಲಿ, 2007ರ ಆರಂಭದಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾ, ಮರಳು ಗಡಿಯಾರವನ್ನು ಕೈಬಿಟ್ಟು ಸುತ್ತುವ ನೀಲಿ ಉಂಗುರವನ್ನು ತಂದಿತು. ಮರಳು ಗಡಿಯಾರದಲ್ಲಿ ಮುಗಿಯುವಿಕೆಯ ನೆನಪಾದರೂ ಇತ್ತು, ಏಕೆಂದರೆ ಮರಳು ಎಂದಾದರೂ ಬರಿದಾಗಲೇಬೇಕು. ಉಂಗುರಕ್ಕೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಪ್ರಾಮಾಣಿಕತೆಯ ದೃಷ್ಟಿಯಿಂದ ನೋಡಿದರೆ ಉಂಗುರವೇ ಮೇಲು, ಏಕೆಂದರೆ ತಾನು ಅಳೆಯದ್ದನ್ನು ಅಳೆಯುತ್ತೇನೆಂದು ಅದು ತೋರಿಸಿಕೊಳ್ಳುವುದಿಲ್ಲ.

ಮಸ್ಕಿ ಪ್ರತ್ಯೇಕ ತಾಲ್ಲೂಕಾಗಿ ಸಿಂಧನೂರು, ಲಿಂಗಸುಗೂರು, ಮಾನ್ವಿ ತಾಲ್ಲೂಕುಗಳ ಕೆಲವು ಊರುಗಳು ಅದಕ್ಕೆ ಸೇರಿದ ಮೇಲೆ, ಗಣಕದ ಪಟ್ಟಿಗಳಲ್ಲಿ ಆ ಊರುಗಳನ್ನು ಹುಡುಕುವ ಜಾಗವೂ ಬದಲಾಯಿತು. ಅಷ್ಟರಲ್ಲಿ ಪಹಣಿಯನ್ನು ಅಂತರ್ಜಾಲದಲ್ಲಿ ನೇರವಾಗಿ ತೆಗೆದುಕೊಳ್ಳುವ ವ್ಯವಸ್ಥೆಯೂ ಬಂದಿತ್ತು. ಮೊಬೈಲಿನಲ್ಲಿ ಸರ್ವೆ ನಂಬರು ಒತ್ತುವ ರೈತನ ಮಟ್ಟಿಗೆ ಕೇಳುವ ಕೈಯೂ ಕಾಯುವ ಕಣ್ಣೂ ಮತ್ತೆ ಒಬ್ಬನವೇ ಆಗಿವೆ, ಉಂಗುರ ಅವನ ಅಂಗೈಯಲ್ಲಿ ಸುತ್ತುತ್ತದೆ. ಆದರೆ ಅವನ ದೊಡ್ಡ ಕಾಯುವಿಕೆ ಸೆಕೆಂಡುಗಳದ್ದಲ್ಲ. ತಂದೆಯ ಹೆಸರಿನ ಹೊಲ ಮಕ್ಕಳ ಹೆಸರಿಗೆ ಏರಬೇಕಾದರೆ, ಅಂದರೆ ಮ್ಯುಟೇಷನ್ ಆಗಬೇಕಾದರೆ, ಅರ್ಜಿ, ಆಕ್ಷೇಪಣೆಯ ನೋಟಿಸು, ಕಂದಾಯ ನಿರೀಕ್ಷಕರ ಆದೇಶ ಎಂದು ಹಂತ ಹಂತವಾಗಿ ವಾರಗಳು ಹಿಡಿಯುತ್ತವೆ. ಭೂಮಿ ವ್ಯವಸ್ಥೆ ಅರ್ಜಿಗಳನ್ನು ಬಂದ ಪಾಳಿಯಲ್ಲೇ ವಿಲೇವಾರಿ ಮಾಡುವಂತೆ ಕಟ್ಟುಮಾಡಿ, ಪ್ರತಿ ಅರ್ಜಿಗೂ ಒಂದು ಸಂಖ್ಯೆ ಕೊಟ್ಟಿತು. ಇಂದು ಆ ವಿವರ ತುಂಬಿದರೆ ಕಡತ ಯಾವ ಹಂತದಲ್ಲಿದೆ ಎಂಬುದನ್ನು ತೆರೆ ತೋರಿಸುತ್ತದೆ. ಮೈಯರ್ಸ್ 1985ರಲ್ಲಿ ಕೆಲವು ನಿಮಿಷಗಳ ಕೆಲಸಕ್ಕೆಂದು ಕೇಳಿದ್ದ 'ಎಷ್ಟು ಪಾಲು ಮುಗಿಯಿತು' ಎಂಬ ಗುರುತು, ಹೊಲದ ಹೆಸರು ಬದಲಾಗುವ ವಾರಗಳ ಕೆಲಸಕ್ಕೆ ಒದಗಿ ಬಂದಿದೆ, ಮತ್ತು ಅದನ್ನು ಓದಲು ಆಪರೇಟರಿನ ಬಾಯಿಮಾತು ಬೇಕಾಗಿಲ್ಲ; ನೋಟಿಸು ಆಗಿದೆ, ಆದೇಶ ಬಾಕಿ ಇದೆ ಎಂದು ಅದು ಕನ್ನಡದಲ್ಲೇ ಬರೆದಿರುತ್ತದೆ.